ಗಡ್ಡೆಯಕ್ಕ ಕೂತು ಉಂಡ ದಿನ

ಗಡ್ಡೆಯಕ್ಕನ ಬಲತೋಳು ಎಡತೋಳಿಗಿಂತ ದಪ್ಪ. ಇದು ಯಾರೋ ಹೊಟ್ಟೆಕಿಚ್ಚಿಗೆ ಹಬ್ಬಿಸಿದ ಮಾತಲ್ಲ. ಊರಿನವರಿಗೆಲ್ಲ ಬಟ್ಟೆ ಹೊಲಿದುಕೊಟ್ಟ ಅವಳ ಸ್ವಂತ ತಾಯಿಯೇ ಟೇಪು ಹಿಡಿದು ಅಳೆದು ಹೇಳಿದ್ದು. ಬಲಗಡೆಯ ತೋಳಿಗೆ ಅರ್ಧ ಇಂಚು ಜಾಸ್ತಿ ಬಿಟ್ಟು ಹೊಲಿಯಬೇಕು, ಇಲ್ಲದಿದ್ದರೆ ತಿಂಗಳೊಳಗೆ ಹೊಲಿಗೆ ಬಾಯಿ ಬಿಡುತ್ತದೆ. ಮೂವತ್ತೆರಡು ವರ್ಷ ಒಂದೇ ಸಮನೆ ಆಲೂಗಡ್ಡೆ ಹಿಸುಕಿದರೆ ಯಾರ ತೋಳಾದರೂ ಅಷ್ಟೇ.

ಅವಳು ಕೆಲಸ ಮಾಡುವುದು ಪೇಟೆಬೀದಿಯ ಕೊನೆಯಲ್ಲಿರುವ ದೊಡ್ಡ ಹಾಲ್‌ನಲ್ಲಿ. ಮದುವೆ, ಹುಟ್ಟುಹಬ್ಬ, ನಿವೃತ್ತಿಯ ಬೀಳ್ಕೊಡುಗೆ, ಸತ್ತವರ ನೆನಪಿನ ಊಟ, ಊರಿನವರು ಎಲ್ಲವನ್ನೂ ಅಲ್ಲೇ ಮಾಡುತ್ತಾರೆ. ಮುಂದೆ ಗಾಜಿನ ಬಾಗಿಲು, ಒಳಗೆ ಉದ್ದುದ್ದ ಮೇಜುಗಳು, ಹಿಂದೆ ಅಡುಗೆಮನೆ. ಊಟದ ಪಟ್ಟಿಯಲ್ಲಿ ಅವಳ ಪದಾರ್ಥಕ್ಕೆ ‘ಮ್ಯಾಶ್’ ಎಂಬ ಗತ್ತಿನ ಹೆಸರಿದೆ. ಅಡುಗೆಮನೆಯಲ್ಲಿ ಅದು ಬರೀ ‘ಹಿಸುಕಿದ್ದು’. ಹುರಿದ ಕೋಳಿ ಮುಗಿದರೂ ಜನ ಸುಮ್ಮನಿರುತ್ತಾರೆ, ಹಿಸುಕಿದ್ದು ಮುಗಿಯಿತು ಅಂದರೆ ಮುಖ ಸಿಂಡರಿಸುತ್ತಾರೆ. ಇಪ್ಪತ್ತಾರನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಹೆಂಗಸು ಪಾತ್ರೆ ತೊಳೆಯಲು ಸೇರಿ, ವರ್ಷ ಕಳೆಯುವುದರೊಳಗೆ ಕೋಲು ಹಿಡಿದು, ಈಗ ಐವತ್ತೆಂಟಕ್ಕೆ ಇಡೀ ಊರಿಗೆ ಗಡ್ಡೆಯಕ್ಕ ಆಗಿದ್ದಾಳೆ. ಅವಳ ನಿಜವಾದ ಹೆಸರು ಸಂಬಳದ ಕಾಗದದ ಮೇಲಿದೆ, ಅದನ್ನು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ.

ಅವಳ ಕೆಲಸದಲ್ಲಿ ಗುಟ್ಟೇನೂ ಇಲ್ಲ, ಹಠ ಇದೆ. ಗಡ್ಡೆಯ ತುಂಡುಗಳೆಲ್ಲ ಒಂದೇ ಅಳತೆಗಿರಬೇಕು. ತಣ್ಣೀರಿಗೆ ಉಪ್ಪು ಹಾಕಿ, ಗಡ್ಡೆ ಹಾಕಿ, ಆಮೇಲೆ ಒಲೆ ಹಚ್ಚಬೇಕು. ಬೆಂದ ಮೇಲೆ ನೀರು ಬಸಿದು, ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟು ಅಲುಗಿಸುತ್ತ, ಗಡ್ಡೆಯ ಮೈಯ ಹಸಿ ಆರುವ ತನಕ ಕಾಯಬೇಕು. ಆಮೇಲೆ ಕೋಲು. ಅಂದರೆ ಮೊಳಕ್ಕಿಂತ ಉದ್ದದ ಮರದ ಹಿಡಿ, ಅದರ ತುದಿಗೆ ತೂತು ತೂತಿನ ಉಕ್ಕಿನ ಬಿಲ್ಲೆ. ಮೇಲಿಂದ ಕೆಳಕ್ಕೆ ಒತ್ತಬೇಕು, ಎತ್ತಬೇಕು, ಮತ್ತೆ ಒತ್ತಬೇಕು. ಅವಸರಕ್ಕೆ ಬಿದ್ದು ಗರಗರ ತಿರುಗಿಸಿದಿರೋ, ಗಡ್ಡೆ ಮುನಿಸಿಕೊಂಡು ಗೋಂದಾಗುತ್ತದೆ. ಮೊದಲು ಬೆಣ್ಣೆ, ಆಮೇಲೆ ಬಿಸಿ ಹಾಲು. ಇದೆಲ್ಲ ಆಗಬೇಕಾದ್ದು ಬಡಿಸುವ ಮುಂಚಿನ ಒಂದು ಗಂಟೆಯಲ್ಲಿ. “ಹಿಸುಕಿದ್ದು ಜನರಿಗೆ ಕಾಯಬಾರದು, ಜನ ಹಿಸುಕಿದ್ದಕ್ಕೆ ಕಾಯಬೇಕು” ಅನ್ನುವುದು ಅವಳ ವೇದವಾಕ್ಯ.

ಇದರಿಂದ ಊರಿನವರ ನಾಲಿಗೆಗೆ ಸುಖವಾಯಿತು. ಅವಳಿಗೆ ಮಾತ್ರ ಯಾವ ಊಟದಲ್ಲೂ ಕೂರುವ ಯೋಗ ಬರಲಿಲ್ಲ. ಬೇರೆಯವರ ಊಟ ಹಾಳಾಗಲಿ, ಸ್ವಂತ ಮನೆಯವರ ಊಟದಲ್ಲೂ ಇಲ್ಲ. ತಮ್ಮನ ಮದುವೆ, ಅವನ ಮಕ್ಕಳ ಹುಟ್ಟುಹಬ್ಬ, ಚಿಕ್ಕಪ್ಪನ ನಿವೃತ್ತಿ, ಎಲ್ಲ ಅದೇ ಹಾಲ್‌ನಲ್ಲಿ. “ಅಕ್ಕ ಇದ್ದಾಳಲ್ಲ, ಅಡುಗೆಮನೆ ಚಿಂತೆ ನಮಗ್ಯಾಕೆ?” ಅನ್ನುತ್ತಿದ್ದ ತಮ್ಮ. ಒಳ್ಳೆಯ ಮನುಷ್ಯ, ಕೆಟ್ಟ ಯೋಚನೆ ಏನೂ ಇಲ್ಲ. ಆದರೆ ಕೆಟ್ಟ ಯೋಚನೆ ಇಲ್ಲದವರೇ ಎಷ್ಟು ಸಲೀಸಾಗಿ ಒಬ್ಬರನ್ನು ಒಲೆ ಮುಂದೆ ಮರೆತುಬಿಡುತ್ತಾರೆ ಅನ್ನುವುದು ನನಗೆ ಯಾವತ್ತೂ ಆಶ್ಚರ್ಯ. ತಮ್ಮನ ಮದುವೆಯ ದೊಡ್ಡ ಫೋಟೋ ಮನೆಯ ಗೋಡೆಯ ಮೇಲಿದೆ. ಅದರ ಬಲಮೂಲೆಯಲ್ಲಿ ತಟ್ಟೆ ಹಿಡಿದು ದಾಟಿಹೋಗುವ ಯಾರದೋ ಮೊಣಕೈ. ತಾಯಿ ಬಂದವರಿಗೆಲ್ಲ ಅದನ್ನು ಬೆರಳಿಟ್ಟು ತೋರಿಸುತ್ತಾಳೆ: “ಇದು ನನ್ನ ದೊಡ್ಡ ಮಗಳು.”

ಪ್ರತಿ ಊಟದಲ್ಲೂ ತಾಯಿ ತನ್ನ ಪಕ್ಕದ ಕುರ್ಚಿಯನ್ನು ದೊಡ್ಡ ಮಗಳಿಗೆಂದು ಹಿಡಿದಿಡುತ್ತಿದ್ದಳು. ಮಗಳು “ಬಂದೆ ಅಮ್ಮ, ಒಂದೇ ನಿಮಿಷ” ಅನ್ನುತ್ತಿದ್ದಳು. ಅವಳ ನಿಮಿಷ ಮುಗಿಯುವ ಹೊತ್ತಿಗೆ ಜನ ಕೈ ತೊಳೆದಿರುತ್ತಿದ್ದರು. ಖಾಲಿ ಕುರ್ಚಿ ಕಂಡರೆ ನೆಂಟರು ಸುಮ್ಮನಿರುತ್ತಾರೆಯೇ? ಅದರ ಮೇಲೆ ಚೀಲ ಇಡುತ್ತಿದ್ದರು.

ಒಂದೇ ಒಂದು ಸಲ ಅವಳು ಆ ಕುರ್ಚಿಯಲ್ಲಿ ಕೂರಬೇಕೆಂದು ಹೊರಟದ್ದುಂಟು. ಇಪ್ಪತ್ತೆರಡು ವರ್ಷದ ಹಿಂದೆ, ತಂದೆ ತೀರಿಕೊಂಡ ಮೇಲಿನ ನೆನಪಿನ ಊಟ. ಅವತ್ತಾದರೂ ತಾಯಿಯ ಪಕ್ಕ ಇರಬೇಕೆಂದು ಹಿಂದಿನ ಸಂಜೆಯೇ ಗಡ್ಡೆ ಹಿಸುಕಿ, ಎರಡು ಆಳದ ಪಾತ್ರೆಗಳಿಗೆ ಕಂಠಮಟ್ಟ ತುಂಬಿದಳು. ಬಿಸಿ ಆರಬಾರದೆಂದು ಮುಚ್ಚಳ ಬಿಗಿದು, ಸುತ್ತ ಗೋಣಿಚೀಲ ಹೊದಿಸಿ, ಮಗುವನ್ನು ಮಲಗಿಸಿದ ಹಾಗೆ ಮೂಲೆಯಲ್ಲಿಟ್ಟು ಮನೆಗೆ ಹೋದಳು. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ಎಲ್ಲ ಸರಿ. ಸೌಟು ಇಳಿಸಿದರೆ ಮಧ್ಯದಿಂದ ಬುಳಕ್ ಎಂದು ಒಂದು ಗುಳ್ಳೆ, ಅದರ ಹಿಂದೆಯೇ ಹುಳಿ ವಾಸನೆ. ಎರಡೂ ಪಾತ್ರೆ ತಿಪ್ಪೆಗೆ ಹೋದವು. ನೂರಿಪ್ಪತ್ತು ಜನ ಬ್ರೆಡ್ಡು, ಬಟಾಣಿ ತಿನ್ನುತ್ತಿರುವಾಗ ಅವಳು ಹಿಂದೆ ಕೂತು ಹೊಸದಾಗಿ ಗಡ್ಡೆ ಸುಲಿಯುತ್ತಿದ್ದಳು. ಯಾರೂ ಬೈಯಲಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಬಂದು “ಪರವಾಗಿಲ್ಲ ಬಿಡಿ” ಅಂದರು. ನೂರಿಪ್ಪತ್ತು ಪರವಾಗಿಲ್ಲಗಳನ್ನು ಕೇಳಿಸಿಕೊಂಡವರಿಗೆ ಮಾತ್ರ ಗೊತ್ತು, ಅದಕ್ಕಿಂತ ಎರಡು ಏಟು ವಾಸಿ. ಅವತ್ತಿನಿಂದ ‘ಹಿಂದಿನ ದಿನ ಮಾಡಿಡೋಣ’ ಎಂಬ ಮಾತು ಯಾರ ಬಾಯಲ್ಲಿ ಬಂದರೂ ಅವಳು ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ.

ಹೀಗಿರುವಾಗ ತಾಯಿಗೆ ತೊಂಬತ್ತು ತುಂಬುವ ವರ್ಷ ಬಂತು.

ತಾಯಿಗೆ ಕಣ್ಣು ಮಂಜು, ಕಾಲು ನಡುಕ, ನಾಲಿಗೆ ಮಾತ್ರ ಹೊಸ ಕತ್ತರಿ. ಹಲ್ಲು ಒಂದೂ ಇಲ್ಲ. ಕಟ್ಟಿಸಿಕೊಟ್ಟ ಹಲ್ಲಿನ ಸೆಟ್ಟು ಗುಂಡಿಗಳ ಡಬ್ಬಿಯಲ್ಲಿ ಗುಂಡಿಗಳ ಜೊತೆಗೇ ಬಿದ್ದಿರುತ್ತದೆ. ಒಂದು ಸಂಜೆ ತಮ್ಮ ಅವಳ ಮಂಚದ ಪಕ್ಕ ಕೂತು, “ಅಮ್ಮ, ದೊಡ್ಡದಾಗಿ ಊಟ ಇಟ್ಕೊಳ್ಳೋಣ. ನಿನಗೇನು ಬೇಕು ಹೇಳು. ಹೊಸ ಬಟ್ಟೆ? ಹೊಸ ರೇಡಿಯೋ?” ಅಂದ.

“ಬಟ್ಟೆ ಯಾರು ಹೊಲೀತಾರೋ, ನನ್ನಷ್ಟು ಚೆನ್ನಾಗಿ? ಬೇಡ. ರೇಡಿಯೋದೋರು ಬರೀ ಸುಳ್ಳು ಹೇಳ್ತಾರೆ, ಅದೂ ಬೇಡ,” ಅಂದಳು ತಾಯಿ. “ನನ್ನ ದೊಡ್ಡೋಳು ನನ್ನ ಪಕ್ಕ ಕೂತು ಉಣ್ಣಬೇಕು. ಮೊದಲನೇ ತುತ್ತಿಂದ ಕೊನೇ ತುತ್ತಿನವರೆಗೂ. ತೊಂಬತ್ತು ವರ್ಷಕ್ಕೂ ನನ್ನ ಪಕ್ಕ ಚೀಲ ಕೂರೋದು ಬೇಡ.”

ಬಾಗಿಲಲ್ಲಿ ನಿಂತಿದ್ದ ಗಡ್ಡೆಯಕ್ಕ ನಕ್ಕಳು. “ಹಾಗಾದ್ರೆ ಅವತ್ತು ಹಿಸುಕಿದ್ದು ಇರಲ್ಲ ಅಮ್ಮ. ಬೇರೆ ಏನಾದ್ರೂ ಮಾಡ್ಸೋಣ.”

“ಅದೂ ಇರಬೇಕು. ಈ ಬೊಚ್ಚುಬಾಯಿಗೆ ಬೇರೇನು ಹೋಗುತ್ತೆ? ಎಲ್ಲರೂ ಕೋಳಿ ಕಡೀತಿದ್ರೆ ನಾನು ನನ್ನ ಹುಟ್ಟುಹಬ್ಬದ ದಿನ ಚಮಚ ನೆಕ್ಕಬೇಕಾ?”

“ಎರಡೂ ಹೇಗಮ್ಮಾ ಆಗುತ್ತೆ? ಮುಂದಿನ ವರ್ಷ ಕೂರ್ತೀನಿ, ಸತ್ಯವಾಗ್ಲೂ.”

ತಾಯಿ ಕಿಟಕಿಯ ಕಡೆ ತಿರುಗಿ, “ಮುಂದಿನ ವರ್ಷ ನಾನೆಲ್ಲಿ ಕೂತಿರ್ತೀನೋ ಯಾರಿಗೆ ಗೊತ್ತು,” ಅಂದಳು. ದನಿಯಲ್ಲಿ ಕೊಂಕು ಇರಲಿಲ್ಲ, ಅದೇ ಗಡ್ಡೆಯಕ್ಕನನ್ನು ತಿವಿದದ್ದು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗಡ್ಡೆಯಕ್ಕನಿಗೆ ಆಡುವುದಕ್ಕೂ ಆಗಲಿಲ್ಲ, ಅನುಭವಿಸುವುದಕ್ಕೂ ಆಗಲಿಲ್ಲ. ನೂರಮೂವತ್ತು ಜನ ಬರುವವರು. ಇಪ್ಪತ್ತಾರು ಕಿಲೋ ಗಡ್ಡೆ. ಹಿಂದಿನ ದಿನ ಮಾಡಿಟ್ಟರೆ ಮತ್ತೆ ಆ ಗುಳ್ಳೆ, ಮತ್ತೆ ಆ ಹುಳಿ ವಾಸನೆ, ಮತ್ತೆ ನೂರಮೂವತ್ತು ಪರವಾಗಿಲ್ಲಗಳು. ಅವತ್ತೇ ಮಾಡಿದರೆ ಕುರ್ಚಿಯ ಮೇಲೆ ಚೀಲ. ಎರಡು ದಿನ ಅವಳು ಇದೇ ಲೆಕ್ಕ ಹಾಕುತ್ತ ಕಳೆದಳು.

ಮೂರನೇ ದಿನ ತಮ್ಮನ ಹೆಂಡತಿ ಅಂಗಡಿಯಿಂದ ಒಂದು ಪೊಟ್ಟಣ ತಂದು ಮೇಜಿನ ಮೇಲಿಟ್ಟಳು. “ಅತ್ತಿಗೆ, ಇದು ನೋಡಿ, ಗಡ್ಡೆಪುಡಿ. ಬಿಸಿನೀರು ಹಾಕಿದ್ರೆ ಸಾಕಂತೆ.”

ಗಡ್ಡೆಯಕ್ಕ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ಹಿಂದೆ ಮುಂದೆ ನೋಡಿದಳು. “ಗೋಡೆಗೆ ಬಳಿಯೋಕೆ ಚೆನ್ನಾಗಿರುತ್ತೆ.”

ತಮ್ಮನ ಹೆಂಡತಿಗೆ ಸಿಟ್ಟು ಬರಲಿಲ್ಲ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವವಳು. ದಿನಕ್ಕೆ ಮುನ್ನೂರು ಹಾಸಿಗೆಬಟ್ಟೆ ಒಗೆದು ಮಡಚುವವರಿಗೆ ಸಿಟ್ಟು ಮಾಡಿಕೊಳ್ಳುವಷ್ಟು ಪುರಸೊತ್ತಿಲ್ಲ. ಅವಳು ಪೊಟ್ಟಣವನ್ನು ಪಕ್ಕಕ್ಕೆ ಸರಿಸಿ ಕೇಳಿದಳು: “ಅತ್ತಿಗೆ, ಮಾವನ ನೆನಪಿನ ಊಟದ ದಿನ ಹಳಸಿದ್ದು ಎಲ್ಲಿ? ಮೇಲೋ, ತಳದಲ್ಲೋ?”

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಆ ಮಾತೆತ್ತಿದರೆ ಮನೆಯವರೆಲ್ಲ ನೆಲ ನೋಡುತ್ತಿದ್ದರು. “ಮಧ್ಯದಲ್ಲಿ,” ಅಂದಳು ಗಡ್ಡೆಯಕ್ಕ.

“ಅದೇ ಅಂದ್ಕೊಂಡೆ. ನಮ್ಮಲ್ಲಿ ಯಂತ್ರದಿಂದ ತೆಗೆದ ಬಿಸಿ ಬಟ್ಟೆ ರಾಶಿ ಹಾಕಿ ಮನೆಗೆ ಹೋದ್ರೆ, ಮಾರನೇ ದಿನ ಕೈ ಹಾಕಿದಾಗ ಮೇಲೆ ತಣ್ಣಗೆ, ಮಧ್ಯ ಇನ್ನೂ ಬೆಚ್ಚಗೆ. ಬೆವರು ಹಿಡಿದು ವಾಸನೆ ಬಂದಿರುತ್ತೆ. ಅದಕ್ಕೆ ನಾವು ರಾಶಿ ಹಾಕೋದೇ ಇಲ್ಲ, ಹರಡಿ ಆರಿಸ್ತೀವಿ. ನೀವು ಬೆಚ್ಚಗಿರ್ಲಿ ಅಂತ ಗೋಣಿಚೀಲ ಬೇರೆ ಹೊದಿಸಿದ್ರಂತೆ. ಇಡೋದೇ ಆದ್ರೆ ಮಧ್ಯ ಅನ್ನೋದೇ ಇಲ್ಲದ ಹಾಗೆ ಇಡಿ.”

ಗಡ್ಡೆಯಕ್ಕ ತಲೆ ಮೇಲೆ ಕೈ ಹೊತ್ತು ಕೂತಳು. ಪ್ರೀತಿಯಿಂದ ಹೊದಿಸಿದ ಗೋಣಿಚೀಲವೇ ಮುಳುವಾಯಿತು ಅನ್ನುವುದು ಅವಳಿಗೆ ಅಷ್ಟು ವರ್ಷ ಹೊಳೆದಿರಲಿಲ್ಲ. ತಪ್ಪು ಹಿಂದಿನ ದಿನದ್ದಲ್ಲ, ಆಳದ ಪಾತ್ರೆಯದ್ದು. ಅದೊಂದು ತಿಳಿದಿದ್ದರೆ ಚಿಕ್ಕಪ್ಪನ ನಿವೃತ್ತಿಗೆ ಕೂರಬಹುದಿತ್ತು, ಮಕ್ಕಳ ಹುಟ್ಟುಹಬ್ಬಗಳಿಗೆ ಕೂರಬಹುದಿತ್ತು. ಅವಳು ಅಳಲಿಲ್ಲ, ಆದರೆ ಬಹಳ ಹೊತ್ತು ಆ ಪೊಟ್ಟಣದ ಮೇಲಿನ ಚಿತ್ರವನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು, “ಮನೇಲಿ ಎಷ್ಟು ಗಡ್ಡೆ ಇದೆ?” ಎಂದು ಕೇಳಿದಳು.

ಸೋಮವಾರ ಹಾಲ್‌ಗೆ ರಜ. ಮೂರು ಸೋಮವಾರ ಮನೆಯ ಅಡುಗೆಮನೆ ಪ್ರಯೋಗಶಾಲೆಯಾಯಿತು. ಮೊದಲನೇ ಸಲ ತಟ್ಟೆಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ ಆರಿಸಿ ಫ್ರಿಜ್‌ನಲ್ಲಿಟ್ಟಳು. ಹುಳಿಯಾಗಲಿಲ್ಲ, ಆದರೆ ಬಿಸಿ ಮಾಡಿದಾಗ ಒಣಗಿ ಬಿರುಕು ಬಿಟ್ಟಿತು. ಎರಡನೇ ಸಲ ಹಾಲು ಜಾಸ್ತಿ ಹಾಕಿದಳು, ಸುಣ್ಣದ ತಿಳಿಯ ಹಾಗಾಯಿತು. ಮೂರನೇ ಸಲ ಉಪಾಯ ಹೊಳೆಯಿತು. ಹಾಲನ್ನು ಅರ್ಧ ಮಾತ್ರ ಹಾಕುವುದು, ಮೇಲೆ ಬೆಣ್ಣೆ ಸವರಿ ಮುಚ್ಚಿಡುವುದು, ಉಳಿದರ್ಧ ಹಾಲನ್ನು ಮಾರನೇ ದಿನ ಬಿಸಿಯಾಗಿ ಸೇರಿಸುವುದು. ಅಷ್ಟರಲ್ಲಿ ತಮ್ಮ ಕೈ ಮುಗಿದಿದ್ದ. “ಅಕ್ಕಾ, ಬೆಳಿಗ್ಗೆನೂ ಗಡ್ಡೆ, ರಾತ್ರಿನೂ ಗಡ್ಡೆ. ಇನ್ನೊಂದು ವಾರ ಹೀಗೇ ಆದ್ರೆ ನನ್ನ ಕಿವೀಲಿ ಮೊಳಕೆ ಬರುತ್ತೆ.” ತಾಯಿ ಮಾತ್ರ ಮೂರು ಸಲವೂ ತಟ್ಟೆ ಖಾಲಿ ಮಾಡಿ, “ಪರೀಕ್ಷೆ ಮುಗಿದಿಲ್ಲ ಅಲ್ವಾ? ಇನ್ನೊಂದು ಸಲ ಮಾಡು,” ಅಂದಳು.

ಉಳಿದದ್ದು ಒಂದೇ ತೊಡಕು. ಅವಳು ಕುರ್ಚಿಯಲ್ಲಿ ಕೂತಾಗ ಆ ಉಳಿದರ್ಧ ಹಾಲು ಸೇರಿಸುವವರು ಯಾರು?

ಅಡುಗೆಮನೆಯಲ್ಲಿ ಅವಳ ಪಕ್ಕದ ಮೇಜಿನವನು ಈರುಳ್ಳಿಯಣ್ಣ. ಬಾಗಿಲು ತುಂಬುವಂಥ ಆಳು, ಇಪ್ಪತ್ತೆಂಟು ವರ್ಷದಿಂದ ಈರುಳ್ಳಿ, ತರಕಾರಿ ಹೆಚ್ಚುತ್ತಿರುವವನು. ಅವನ ಕಣ್ಣು ಯಾವಾಗಲೂ ಒದ್ದೆ. ಹೊಸಬರು ಅವನಿಗೇನೋ ದುಃಖವಿದೆ ಎಂದುಕೊಂಡು ಸಮಾಧಾನ ಹೇಳಲು ಹೋಗುತ್ತಾರೆ. ಗಡ್ಡೆಯಕ್ಕ ಕೋಲನ್ನು ಅವನ ಮುಂದೆ ಇಟ್ಟಾಗ ಅವನು ಎರಡು ಹೆಜ್ಜೆ ಹಿಂದೆ ಸರಿದ. ಆ ಕೋಲನ್ನು ಬೇರೆಯವರು ಮುಟ್ಟಿದ್ದನ್ನು ಅವನು ಕಂಡಿರಲಿಲ್ಲ.

“ಅಣ್ಣಾ, ಒಂದು ಗಂಟೆಯ ಕೆಲಸ. ತಟ್ಟೆಗಳನ್ನು ಓವನ್‌ನಲ್ಲಿ ಮುಚ್ಚಿ ಬಿಸಿ ಮಾಡು. ದೊಡ್ಡ ಪಾತ್ರೆಗೆ ಹಾಕು. ಹಾಲು ಬಿಸಿ ಇರ್ಲಿ, ಕುದೀಬಾರದು. ಸ್ವಲ್ಪ ಸ್ವಲ್ಪ ಹಾಕ್ತಾ ಒತ್ತು. ತಿರುಗಿಸಬೇಡ. ಏನಾದ್ರೂ ಆಗ್ಲಿ, ತಿರುಗಿಸಬೇಡ.”

“ಅಕ್ಕಾ, ಈರುಳ್ಳಿ ಹೆಚ್ಚೋನಿಗೆ ಗಡ್ಡೆ ಒಂದು ಲೆಕ್ಕನಾ?”

“ಎಲ್ಲಿ, ನಾನು ಹೇಳಿದ್ದು ಹೇಳು ನೋಡೋಣ.”

“ತಿರುಗಿಸಬೇಡ.”

“ಇನ್ನೊಂದು ಸಲ.”

ಅವನು ಹನ್ನೊಂದು ಸಲ ಹೇಳಿದ. ಹನ್ನೆರಡನೇ ಸಲಕ್ಕೆ ಚಾಕು ಎತ್ತಿಕೊಂಡು ತನ್ನ ಮೇಜಿಗೆ ಹೋದ.

ಹಿಂದಿನ ದಿನ ಮಧ್ಯಾಹ್ನದೊಳಗೆ ಇಪ್ಪತ್ತಾರು ಕಿಲೋ ಮುಗಿಯಿತು. ಹನ್ನೆರಡು ಅಗಲದ ತಟ್ಟೆ, ಎರಡು ಬೆರಳು ದಪ್ಪ, ಮೇಲೆ ಬೆಣ್ಣೆ. ಆರಿದ ಮೇಲೆ ಎಲ್ಲವೂ ಹಾಲ್‌ನ ಶೀತಲ ಕೋಣೆಗೆ ಹೋದವು. ಆ ಪುಣ್ಯಾತ್ಗಿತ್ತಿ ಬೆಳಿಗ್ಗೆ ಆರಕ್ಕೇ ಬಂದು ಹನ್ನೆರಡು ತಟ್ಟೆಯ ಮುಚ್ಚಳವನ್ನೂ ತೆಗೆದು, ಪ್ರತಿಯೊಂದರ ನಡುವಿಗೂ ಮೂಗು ತಗುಲುವಷ್ಟು ಬಗ್ಗಿ ಮೂಸಿದಳು. ಹಾಲಿನ ವಾಸನೆ, ಬೆಣ್ಣೆಯ ವಾಸನೆ, ಮತ್ತೇನಿಲ್ಲ. ಹನ್ನೆರಡನೆಯದನ್ನು ಮೂಸಿ ನೆಟ್ಟಗಾದಾಗ ಮೂಗಿನ ತುದಿಗೆ ಬೆಣ್ಣೆ ಹತ್ತಿತ್ತು. ಈರುಳ್ಳಿಯಣ್ಣ ಅವಳ ಏಪ್ರನ್ನಿನ ಗಂಟನ್ನು ತಾನೇ ಬಿಚ್ಚಿ, “ಮನೆಗೆ ಹೋಗಿ ಒಳ್ಳೆ ಬಟ್ಟೆ ಹಾಕ್ಕೊಂಡು ಬಾರಕ್ಕ, ಇವತ್ತು ನೀನು ಅತಿಥಿ,” ಎಂದು ಹೊರಗೆ ಅಟ್ಟಿದ.

ಮಧ್ಯಾಹ್ನ ಅವಳು ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಹಾಲ್‌ನ ಮುಂಬಾಗಿಲಿಗೆ ಬಂದಳು. ಗಾಜಿನ ಬಾಗಿಲನ್ನು ತಳ್ಳಿದಳು, ತೆರೆಯಲಿಲ್ಲ. ಇನ್ನೂ ಜೋರಾಗಿ ತಳ್ಳಿದಳು. ಹಿಂದಿನಿಂದ ಬಂದ ತಮ್ಮನ ಮಗಳು, “ಅತ್ತೆ, ಎಳೀಬೇಕು,” ಎಂದು ನಗುತ್ತ ತೆರೆದಳು. ಒಳಗೆ ತಾಯಿ ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದಳು. ಪಕ್ಕದಲ್ಲಿ ಖಾಲಿ ಕುರ್ಚಿ, ಅದರ ಮೇಲೆ ತಾಯಿಯ ಕೈ. ಆ ಮುದುಕಿ ಯಾಕೆ ಆ ಜಾಗ ಆರಿಸಿದ್ದಳೋ ಗಡ್ಡೆಯಕ್ಕನಿಗೆ ಕೂತ ಮೇಲೆ ತಿಳಿಯಿತು. ಅಡುಗೆಮನೆಯ ಬಾಗಿಲು ಸರಿಯಾಗಿ ಅವಳ ಬೆನ್ನಿಗಿತ್ತು, ತಿರುಗದೆ ಏನೂ ಕಾಣುವಂತಿರಲಿಲ್ಲ.

ನೆಂಟರು ಬಂದರು, ಕೈ ಹಿಡಿದು ಮಾತಾಡಿಸಿದರು, ಬ್ರೆಡ್ಡು ಬಂತು, ಸೂಪು ಬಂತು. ಗಡ್ಡೆಯಕ್ಕ ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದಳು. ಮೈಯೆಲ್ಲ ಕಿವಿಯಾಗಿತ್ತು. ಬಾಗಿಲಾಚೆಯಿಂದ ಸದ್ದು ಶುರುವಾಯಿತು. ಮೊದಲು ಸರಿಯಾದ ಸದ್ದೇ: ಧಪ್, ಸ್ವಲ್ಪ ಬಿಡುವು, ಧಪ್. ಅವಳ ಭುಜ ಇಳಿಯಿತು. ಪರವಾಗಿಲ್ಲ, ಕಲಿತಿದ್ದಾನೆ. ಆಮೇಲೆ ಆ ಬಿಡುವು ಚಿಕ್ಕದಾಯಿತು. ಆಮೇಲೆ ಬಿಡುವೇ ಹೋಯಿತು. ಉಕ್ಕಿನ ಬಿಲ್ಲೆ ಪಾತ್ರೆಯ ಅಂಚಿಗೆ ಉಜ್ಜುವ ಕರಕರ ಸದ್ದು, ಸುತ್ತಿ ಸುತ್ತಿ, ನಿಲ್ಲದೆ.

ತಿರುಗಿಸುತ್ತಿದ್ದಾನೆ. ಹಾಳಾದವನು ತಿರುಗಿಸುತ್ತಿದ್ದಾನೆ.

ಅವಳು ಕುರ್ಚಿ ಹಿಂದೆ ತಳ್ಳಿ ಅರ್ಧ ಎದ್ದಳು. ಈಗ ಓಡಿದರೆ ಅರ್ಧ ಪಾತ್ರೆಯನ್ನಾದರೂ ಉಳಿಸಬಹುದು. ತಾಯಿಯ ಬೆರಳು ಅವಳ ಮಣಿಕಟ್ಟನ್ನು ಹಿಡಿಯಿತು.

“ಎಲ್ಲಿಗೆ?”

“ಅಮ್ಮಾ, ಒಂದೇ ನಿಮಿಷ. ಈಗ್ಲೇ ಬರ್ತೀನಿ. ಅವನು ಹಾಳು ಮಾಡ್ತಿದ್ದಾನೆ.”

“ಸರಿ, ಹೋಗೋಣ. ಆ ಊರುಗೋಲು ಕೊಡು, ನಾನೂ ಬರ್ತೀನಿ,” ಅಂದಳು ತಾಯಿ. ಹೆದರಿಸುವ ಮಾತೆಂದುಕೊಂಡರೆ ಅಲ್ಲ. ಮುದುಕಿ ಎರಡೂ ಕೈಯಲ್ಲಿ ಮೇಜು ಹಿಡಿದು ನಿಜವಾಗಿಯೂ ಏಳತೊಡಗಿದ್ದಳು. ಮೊಣಕಾಲು ಗಡಗಡ ನಡುಗುತ್ತಿತ್ತು, ಮೇಜಿನ ಮೇಲಿನ ಚಮಚಗಳು ಗಲಗಲ ಅನ್ನುತ್ತಿದ್ದವು. ಅಕ್ಕಪಕ್ಕದ ಮೇಜಿನವರು ಮಾತು ನಿಲ್ಲಿಸಿ ನೋಡಿದರು.

ಗಡ್ಡೆಯಕ್ಕನ ಒಂದು ಕಿವಿಯಲ್ಲಿ ಆ ಕರಕರ, ಕಣ್ಣೆದುರು ಆ ನಡುಗುವ ಮೊಣಕಾಲು. ಅವಳು ತಾಯಿಯ ಸೊಂಟಕ್ಕೆ ಕೈ ಕೊಟ್ಟು ಮೆಲ್ಲಗೆ ಕೂರಿಸಿದಳು. ಆಮೇಲೆ ತಾನೂ ಕೂತಳು. ಬಲಗೈ ತಾನಾಗಿ ಮುಷ್ಟಿ ಕಟ್ಟಿಕೊಂಡಿತ್ತು, ಅದನ್ನು ತೊಡೆಯ ಕೆಳಗೆ ಹಾಕಿಕೊಂಡಳು. ಸದ್ದು ನಿಲ್ಲುವ ತನಕ ಹಾಗೇ ಕೂತಿದ್ದಳು. ಬಿಸಿ ಕೆಂಡ ಮುಟ್ಟುವುದು ಇದಕ್ಕಿಂತ ಸುಲಭವಿತ್ತೇನೋ.

ಹಿಸುಕಿದ್ದು ಬಂತು. ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಚಮಚದಿಂದ ಬೀಳುವಾಗ ಎಳೆ ಎಳೆಯುತ್ತಿತ್ತು. ಎಡಗೈಯಲ್ಲೇ ಚಮಚ ಎತ್ತಿ ಬಾಯಿಗಿಟ್ಟರೆ ಅಂಟಂಟು, ನಡುವೆ ಕಡಲೆಗಾತ್ರದ ಒಂದು ಗಂಟು. ಮೂವತ್ತೆರಡು ವರ್ಷದ ಮೊದಲ ಗಂಟು. ಅವಳು ಅದನ್ನು ನಾಲಿಗೆಯಲ್ಲಿ ಹೊರಳಿಸಿ, ಕಹಿ ಮಾತ್ರೆಯ ಹಾಗೆ ನುಂಗಿದಳು. ಸುತ್ತ ನೋಡಿದಳು. ನೂರಮೂವತ್ತು ಜನರಲ್ಲಿ ಒಬ್ಬರೂ ತಲೆ ಎತ್ತಿರಲಿಲ್ಲ. ಚಿಕ್ಕಪ್ಪ ಆಗಲೇ ಎರಡನೇ ಸಲ ಕೈ ಚಾಚಿದ್ದ. ಜನರಿಗೆ ಇಷ್ಟೇ ಸಾಕಿತ್ತೇ ಎಂದು ಅವಳಿಗೆ ಒಂದು ಗಳಿಗೆ ಹೊಟ್ಟೆ ಉರಿಯಿತು. ಉರಿಯದೆ ಇರುತ್ತದೆಯೇ?

ತಾಯಿ ಮಾತ್ರ ತುತ್ತನ್ನು ಬಾಯಲ್ಲಿ ಆಡಿಸುತ್ತ, ಬಹಳ ಹೊತ್ತು ಯೋಚಿಸುತ್ತಿದ್ದಳು. ಮೋಸ ಹೋಗುವ ನಾಲಿಗೆಯಲ್ಲ ಅದು.

“ಹೇಗಿದೆ ಅಮ್ಮ?”

“ನೀನು ಮಾಡಿದ ಹಾಗಿಲ್ಲ.”

“ಗೊತ್ತು. ನಾನು ಎದ್ದು ಹೋಗಿದ್ರೆ...”

“ನೀನು ಮಾಡಿದ್ದು ಬೆಣ್ಣೆ ಹಾಗಿರ್ತಿತ್ತು. ಇಷ್ಟು ವರ್ಷ ತಿಂದೋಳಿಗೆ ನನಗೆ ಗೊತ್ತಿಲ್ವಾ? ಒಂದು ಸಲನೂ ಗಂಟು ಸಿಕ್ಕಿಲ್ಲ.” ತಾಯಿ ಇನ್ನೊಂದು ಚಮಚ ಬಾಯಿಗಿಟ್ಟುಕೊಂಡು, ಅದು ಕರಗುವ ತನಕ ಕಾದು ಹೇಳಿದಳು: “ಪ್ರತಿ ಸಲ, ಎಷ್ಟು ಚೆನ್ನಾಗಿ ಮಾಡಿದೀಯೇ ಅಂತ ಹೇಳೋಕೆ ಪಕ್ಕಕ್ಕೆ ತಿರುಗ್ತಿದ್ದೆ. ಅಲ್ಲಿ ಚೀಲ ಇರ್ತಿತ್ತು.”

ಗಡ್ಡೆಯಕ್ಕ ತೊಡೆಯ ಕೆಳಗಿದ್ದ ಕೈಯನ್ನು ಹೊರಗೆ ತೆಗೆದಳು. ತಾಯಿ ಆ ತೋಳನ್ನು ಹಿಡಿದು, ಅಭ್ಯಾಸಬಲದಿಂದ ಹೆಬ್ಬೆರಳಲ್ಲಿ ಹೊಲಿಗೆಯ ಮೇಲೆ ಸವರಿ, “ಇಲ್ಲಿ ಬಿಗಿಯಾಗಿದೆ, ಯಾರು ಹೊಲಿದದ್ದೋ ಏನೋ, ಅರ್ಧ ಇಂಚು ಬಿಟ್ಟಿಲ್ಲ,” ಎಂದು ಗೊಣಗಿದಳು. ಆಮೇಲೆ ತಟ್ಟೆ ಮುಂದೆ ತಳ್ಳಿದಳು. “ಇನ್ನೊಂದು ಚಮಚ ಹಾಕು. ನೀನೇ ಹಾಕು.”

ಅವತ್ತು ಅವಳು ಕೊನೆಯ ತುತ್ತಿನವರೆಗೂ ಕೂತಿದ್ದಳು. ತಟ್ಟೆಯಲ್ಲಿದ್ದದ್ದೆಲ್ಲ ಆರುವ ಮುಂಚೆ ತಿಂದಳು. ಬಿಸಿಬಿಸಿಯಾಗಿ, ಕೂತು, ಮಾತಾಡುತ್ತ ತಿಂದರೆ ಗೋಂದಿನಂಥ ಗಡ್ಡೆಯೂ ಒಂದು ರೀತಿ ಚೆನ್ನಾಗಿರುತ್ತದೆ ಅನ್ನುವುದು ಆ ವಯಸ್ಸಿಗೆ ಅವಳಿಗೆ ತಿಳಿದ ಹೊಸ ಸಂಗತಿ. ಇ‌ದನ್ನು ಅವಳು ಅಡುಗೆಮನೆಯಲ್ಲಿ ಯಾರ ಮುಂದೆಯೂ ಒಪ್ಪುವುದಿಲ್ಲ.

ವಾರದ ಮೇಲೆ ಫೋಟೋ ಬಂತು. ನಡುವೆ ತಾಯಿ, ಪಕ್ಕದಲ್ಲಿ ಗಡ್ಡೆಯಕ್ಕ, ಪೂರ್ತಿಯಾಗಿ, ಮುಖ ಮೈ ಎರಡೂ ತೋಳು ಸಮೇತ. ತಾಯಿ ಅದನ್ನು ಮಂಜುಗಣ್ಣಿಗೆ ಹತ್ತಿರ ಹಿಡಿದು ನೋಡಿ, ಬಲಮೂಲೆಗೆ ಬೆರಳಿಟ್ಟಳು. “ಇದು ಯಾರ ಮೊಣಕೈ?”

ಗಡ್ಡೆಯಕ್ಕ ಬಗ್ಗಿ ನೋಡಿದಳು. ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ತಟ್ಟೆ ಹಿಡಿದ ಒಂದು ದಪ್ಪ ಮೊಣಕೈ ಕಾಣುತ್ತಿತ್ತು. ಅವಳು ಅದನ್ನು ಬಹಳ ಹೊತ್ತು ನೋಡಿದಳು.

ಮಾರನೇ ದಿನ ಕೆಲಸಕ್ಕೆ ಬಂದವಳೇ ನೆಟ್ಟಗೆ ಪಕ್ಕದ ಮೇಜಿಗೆ ಹೋದಳು. ಈರುಳ್ಳಿಯಣ್ಣ ತಲೆ ತಗ್ಗಿಸಿದ. ವಾರದಿಂದ ಅವಳು ಬೈಯುತ್ತಾಳೆಂದು ಕಾದು ಕಾದು ಅವನು ಸೊರಗಿದ್ದ. “ಹಾಲು ಹೀರ್ಕೊಳ್ಳಲೇ ಇಲ್ಲ ಅಕ್ಕ. ಹೆದರಿಕೆ ಆಯ್ತು. ಹೆದರಿ ತಿರುಗಿಸಿಬಿಟ್ಟೆ.”

“ಅದು ಬಿಡು. ನಿಮ್ಮನೇಲಿ ಮುಂದಿನ ಊಟ ಯಾವಾಗ?”

“ನಮ್ಮನೇಲಾ? ಚಿಕ್ಕ ಮಗಳ ಮದುವೆ ಇದೆ, ಬರೋ ತಿಂಗಳು. ಇದೇ ಹಾಲ್‌ನಲ್ಲಿ. ಯಾಕೆ? ನಾನಿರ್ತೀನಲ್ಲ ಇಲ್ಲೇ, ಎಲ್ಲ ಹೆಚ್ಚಿಕೊಡ್ತೀನಿ.”

“ನೀನಿರಲ್ಲ,” ಅಂದಳು ಗಡ್ಡೆಯಕ್ಕ. “ಅವತ್ತು ನೀನು ಮಗಳ ಪಕ್ಕ ಕೂತಿರ್ತೀಯ. ಗಡ್ಡೆ ಹಿಂದಿನ ದಿನ ಮಾಡಿಡ್ತೀನಿ. ಅವತ್ತು ಈರುಳ್ಳಿ ನಾನು ಹೆಚ್ತೀನಿ. ಹೇಗೆ ಹೆಚ್ಚಬೇಕು, ಹನ್ನೊಂದು ಸಲ ಹೇಳಿಕೊಡು.”

ಅವನು ಚಾಕು ಕೆಳಗಿಟ್ಟು, ತೋಳಿನಿಂದ ಕಣ್ಣೊರೆಸಿಕೊಂಡ. ಪಾತ್ರೆ ತೊಳೆಯುವವರು ಯಾರೂ ಆ ಕಡೆ ಗಮನ ಕೊಡಲಿಲ್ಲ, ದಿನಾ ಕಂಡದ್ದೇ ಅಲ್ಲವೇ. ಗಡ್ಡೆಯಕ್ಕ ಮಾತ್ರ ಅವನ ಹಲಗೆಯ ಮೇಲೆ ನೋಡಿದಳು. ಅವನು ಬೆಳಗಿನಿಂದ ಹೆಚ್ಚುತ್ತಿದ್ದದ್ದು ಸೌತೆಕಾಯಿ.